ಎಕ್ಸ್‌ಎಂಎಲ್ ಇನ್‌ವಾಯ್ಸಿನಲ್ಲಿ ಡೀಫಾಲ್ಟ್ ಮೌಲ್ಯದ ತೊಡಕು

ಇನ್‌ವಾಯ್ಸುಗಳನ್ನು ಎಕ್ಸ್‌ಎಂಎಲ್ ಕಡತಗಳಾಗಿ ವಿನಿಮಯ ಮಾಡಿಕೊಳ್ಳುವ ಉದ್ದಿಮೆದಾರರು ಒಂದು ಸೂಕ್ಷ್ಮವನ್ನು ಅರಿತಿರಬೇಕು. ಇಂತಹ ಕಡತದಲ್ಲಿ ‘ಮೊತ್ತ’ ಎಂಬುದು ಎಲಿಮೆಂಟ್. ಅದಕ್ಕೆ ಸೇರಿದ ‘ಕರೆನ್ಸಿ’ ಎಂಬ ಗುಣಸೂಚಕವು ಅಟ್ರಿಬ್ಯೂಟ್. ಕಡತವು ಹೇಗಿರಬೇಕೆಂಬ ನಿಯಮಾವಳಿಯೇ ಸ್ಕೀಮಾ. ಡಬ್ಲ್ಯು3ಸಿ ಸಂಸ್ಥೆಯು 2001ರಲ್ಲಿ ಪ್ರಕಟಿಸಿದ ಸ್ಕೀಮಾ ಶಿಫಾರಸಿನಂತೆ, ಅಟ್ರಿಬ್ಯೂಟನ್ನು ಬರೆಯದೆ ಬಿಟ್ಟಾಗ ಅನ್ವಯವಾಗುವ ಡೀಫಾಲ್ಟ್ ಮೌಲ್ಯವನ್ನು ಮೊದಲೇ ಗೊತ್ತುಪಡಿಸಬಹುದು.

ಕರೆನ್ಸಿಗೆ ರೂಪಾಯಿಯೇ ಡೀಫಾಲ್ಟ್ ಎಂದಿಟ್ಟುಕೊಳ್ಳೋಣ. 5,000 ಡಾಲರಿನ ರಫ್ತು ಇನ್‌ವಾಯ್ಸಿನಲ್ಲಿ ಕರೆನ್ಸಿ ಬಿಟ್ಟುಹೋದರೆ ತಪಾಸಣೆಯಲ್ಲಿ ಯಾವ ದೋಷವೂ ಕಾಣದು. ಲೆಕ್ಕದಲ್ಲಿ ಮಾತ್ರ 5,000 ರೂಪಾಯಿ ನಮೂದಾಗುತ್ತದೆ.

ತೊಡಕು ಕಂಡಾಗ ಪರಿಶೀಲಿಸಬೇಕಾದ ಅಂಶಗಳು:

1. ಡೀಫಾಲ್ಟ್ ಮೌಲ್ಯವನ್ನು ಒದಗಿಸುವುದು ಸ್ಕೀಮಾದಂತೆ ತಪಾಸಣೆ ನಡೆಸುವ ತಂತ್ರಾಂಶ. ಸ್ಕೀಮಾ ಬಳಸದೆ ಓದುವ ತಂತ್ರಾಂಶಕ್ಕೆ ಆ ಮೌಲ್ಯ ಕಾಣುವುದೇ ಇಲ್ಲ. ಹೀಗಾಗಿ ಒಂದೇ ಕಡತದಿಂದ ಎರಡು ಕಡೆಯ ಲೆಕ್ಕಗಳು ತಾಳೆಯಾಗದಿರಬಹುದು.

2. ಅಟ್ರಿಬ್ಯೂಟನ್ನು ಬರೆದು ಮೌಲ್ಯವನ್ನು ಖಾಲಿ ಬಿಟ್ಟರೆ ಡೀಫಾಲ್ಟ್ ಅನ್ವಯಿಸದು. ಎಲಿಮೆಂಟಿನ ನಿಯಮ ಇದಕ್ಕೆ ವಿರುದ್ಧ: ಅದು ಕಡತದಲ್ಲಿದ್ದು ಖಾಲಿಯಿದ್ದಾಗಲೇ ಡೀಫಾಲ್ಟ್ ಅನ್ವಯಿಸುತ್ತದೆ.

3. ಒಂದೇ ಅಟ್ರಿಬ್ಯೂಟಿಗೆ ಡೀಫಾಲ್ಟ್ ಮೌಲ್ಯವನ್ನೂ ಕೊಟ್ಟು, ಅದು ಕಡ್ಡಾಯವೆಂದೂ ವಿಧಿಸಿದರೆ ಸ್ಕೀಮಾವೇ ದೋಷಯುಕ್ತವಾಗುತ್ತದೆ.

4. ಡೀಫಾಲ್ಟ್ ಮೌಲ್ಯವು ಸ್ಕೀಮಾದಲ್ಲಿ ಅನುಮತಿಸಿದ ಮೌಲ್ಯಗಳಲ್ಲೇ ಒಂದಾಗಿರಬೇಕು. ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರಗಳ ವ್ಯತ್ಯಾಸವೂ ಇಲ್ಲಿ ದೋಷವೇ.

ಕರೆನ್ಸಿ, ತೆರಿಗೆ ದರ, ಅಳತೆಯ ಮಾನ ಇವುಗಳಿಗೆ ಡೀಫಾಲ್ಟ್ ಇಡದೆ, ಅವನ್ನು ಕಡ್ಡಾಯಗೊಳಿಸುವಂತೆ ತಂತ್ರಾಂಶ ಪೂರೈಕೆದಾರರಿಗೆ ಸೂಚಿಸುವುದು ಕ್ಷೇಮಕರ. ಆಗ ಬಿಟ್ಟುಹೋದ ವಿವರವು ತಪಾಸಣೆಯಲ್ಲಿಯೇ ಬೆಳಕಿಗೆ ಬರುತ್ತದೆ. ವರ್ಷಾಂತ್ಯದ ಲೆಕ್ಕಪರಿಶೋಧನೆಯವರೆಗೆ ಅಡಗಿರುವುದಿಲ್ಲ.