ನೀರು ಹೊಕ್ಕ ಗಾಡಿಗೆ ಅವಸರ ಬೇಡ

ನಮ್ಮ ನವನಗರ ಹುಟ್ಟಿದ್ದೇ ನೀರಿನ ದೆಸೆಯಿಂದ. ಆಲಮಟ್ಟಿಯ ಹಿನ್ನೀರು ಹಳೇ ಬಾಗಲಕೋಟೆಯ ತಗ್ಗಿನ ಓಣಿಗಳಿಗೆ ಬಂದಾಗ, ಮನೆಮಾರು ಬಿಟ್ಟವರು ಇಲ್ಲಿನ ಸೆಕ್ಟರುಗಳಲ್ಲಿ ಒಲೆ ಹೂಡಿದೆವು. ಬೀಗರು, ಬಂಧುಗಳು ಮಾತ್ರ ಇನ್ನೂ ಹೊಳೆದಂಡೆಯಲ್ಲೇ ಇದ್ದಾರೆ. 2019ರ ಆಗಸ್ಟಿನಲ್ಲಿ ಮಲಪ್ರಭಾ, ಘಟಪ್ರಭಾ, ಕೃಷ್ಣಾ ಮೂರೂ ಉಕ್ಕಿದವು. ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೇ ನೀರು ನುಗ್ಗಿತು. ಜನ ಮಕ್ಕಳನ್ನು ಎತ್ತಿಕೊಂಡು, ದನಗಳನ್ನು ಬಿಚ್ಚಿಕೊಂಡು ಓಡಿದರು, ಗಾಡಿಗಳು ಅಂಗಳದಲ್ಲೇ ಉಳಿದವು. ಅವರು ಮಾಡಿದ್ದು ಸರಿ. ಎಷ್ಟೋ ಗಾಡಿಗಳು ನಿಜವಾಗಿ ಕೆಟ್ಟದ್ದು ನೀರು ಇಳಿದ ಮೇಲೆ, ನಮ್ಮ ಅವಸರದಿಂದ.

ಹೊಳೆಯ ನೀರಿನ ಜೊತೆ ಉಪ್ಪುನೀರಿನ ಮಾತೂ ಇಲ್ಲಿ ಬರುತ್ತದೆ. ‘ನಮಗೆಲ್ಲಿಯ ಸಮುದ್ರ, ಉಪ್ಪಿನ ಕಾಟ ಯಾಕೆ ಬರುತ್ತದೆ’ ಎನ್ನಬೇಡಿ. ನಮ್ಮ ಕಡೆ ಎಷ್ಟು ಬೋರುಗಳಲ್ಲಿ ಸವಳು ನೀರು ಬರುತ್ತದೆ ಎಂದು ನಿಮಗೇ ಗೊತ್ತು. ಮಂಗಳೂರಿಗೆ ದುಡಿಯಲು ಹೋಗಿ ಕಡಲ ಬದಿಯಲ್ಲೇ ಗಾಡಿ ನಿಲ್ಲಿಸುವ ನಮ್ಮ ಹುಡುಗರೂ ಇದ್ದಾರೆ. ಎಲ್ಲರಿಗೂ ಸೇರಿಸಿ ಹೇಳುತ್ತೇನೆ, ಕೇಳಿ.

ನೀರು ಇಳಿದ ದಿನ

• ಕೀಲಿ ತಿರುಗಿಸಬೇಡಿ, ಸೆಲ್ಫ್ ಒತ್ತಬೇಡಿ, ಕಿಕ್ ಹೊಡೆಯಬೇಡಿ. ಸಿಲಿಂಡರಿನೊಳಗೆ ನೀರು ನಿಂತಿದ್ದರೆ ಪಿಸ್ಟನ್ನಿಗೆ ಅದನ್ನು ಒತ್ತಲಾಗದೆ ಕನೆಕ್ಟಿಂಗ್ ರಾಡೇ ಬಾಗುತ್ತದೆ. ‘ಚಾಲೂ ಆಗ್ತದೇನು ನೋಡೋಣ’ ಅನ್ನುವ ಒಂದು ಕಿಕ್ಕಿಗೆ ಎಂಜಿನ್ ಬಿಚ್ಚುವ ಖರ್ಚು ಬರುತ್ತದೆ.

• ತೊಳೆಯುವ ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ನಂಬರ್ ಪ್ಲೇಟೂ ಕೆಸರಿನ ಗೆರೆಯೂ ಕಾಣಲಿ. ವಿಮೆಯವರು ಬರುವ ಹೊತ್ತಿಗೆ ಆ ಗೆರೆ ಒಣಗಿ ಉದುರಿರುತ್ತದೆ.

• ನೀರು ಎಲ್ಲಿಯತನಕ ಏರಿತ್ತು, ಎಷ್ಟು ದಿನ ನಿಂತಿತ್ತು ಎಂದು ಕ್ಯಾಲೆಂಡರಿನ ಮೇಲೆ ಬರೆದಿಡಿ. ಗಾಲಿ ಮಟ್ಟ ಬಂದಿದ್ದರೆ ಬ್ರೇಕು, ಬೇರಿಂಗಿನ ಕೆಲಸ ಸಾಕು. ಎಂಜಿನ್ ಮಟ್ಟ ಬಂದಿದ್ದರೆ ಎಣ್ಣೆ ಕೆಟ್ಟಿರಬಹುದು. ಸೀಟು ಮುಳುಗಿದ್ದರೆ ವೈರಿಂಗಿನ ಮೇಲೂ ಟ್ಯಾಂಕಿನ ಮೇಲೂ ಅನುಮಾನ ಇರಲಿ.

• ಬ್ಯಾಟರಿಯ ವೈರು ಬಿಚ್ಚಿಸಿ, ಮೈನಸ್ ಕಡೆಯದು ಮೊದಲು. ಒದ್ದೆ ವೈರಿನಲ್ಲಿ ಕರೆಂಟು ಹರಿಯುತ್ತಿದ್ದರೆ ತಾಮ್ರ ಬೇಗ ಹಸಿರುಗಟ್ಟುತ್ತದೆ.

• ಎಲೆಕ್ಟ್ರಿಕ್ ಸ್ಕೂಟರಾದರೆ ಚಾರ್ಜಿಗೆ ಹಚ್ಚಲೇಬೇಡಿ. ಮನೆಯಿಂದ ದೂರ, ಬಯಲಲ್ಲಿ ನಿಲ್ಲಿಸಿ ಕಂಪನಿಯವರನ್ನು ಕರೆಯಿರಿ. 2022ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಇಯಾನ್ ಚಂಡಮಾರುತ ಬಂದಾಗ, ಕಡಲ ನೀರಲ್ಲಿ ಮುಳುಗಿದ ಎಲೆಕ್ಟ್ರಿಕ್ ಕಾರುಗಳು ನೀರು ಇಳಿದು ದಿನಗಳಾದ ಮೇಲೂ ಹೊತ್ತಿಕೊಂಡಿದ್ದವು.

ತೊಳೆಯುವಾಗ

• ಫೋಟೋ ತೆಗೆದು ವಿಮೆಯವರಿಗೆ ತಿಳಿಸಿದ ಮೇಲೆ, ಕೆಸರು ಹಸಿ ಇದ್ದಾಗಲೇ ತೊಳೆಯಿರಿ. ನಮ್ಮ ಎರೆಮಣ್ಣು ಒಮ್ಮೆ ಒಣಗಿತೆಂದರೆ ಕಲ್ಲಾಗುತ್ತದೆ.

• ಸವಳು ಬೋರಿನ ನೀರು ಹಾಕಬೇಡಿ, ನಳದ ಸಿಹಿನೀರು ಎರಡು ಕೊಡ ಆದರೂ ಸಾಕು. ನನ್ನ ಅಣ್ಣನ ಮಗ ಹೊಲದ ಬೋರಿನಲ್ಲಿ ಮನಸಾರೆ ತೊಳೆದ. ಹೊಳೆಯ ನೀರು ಕೆಡಿಸದ ವೈರುಗಳನ್ನು ಆ ಬೋರಿನ ಉಪ್ಪು ದೀಪಾವಳಿಯೊಳಗೆ ತಿಂದುಹಾಕಿತು.

• ವಾಟರ್ ಸರ್ವಿಸಿನ ಜೋರು ಪೈಪು ಬೇಡ. ಅದು ಹೊರಗಿನ ರಾಡಿಯನ್ನು ಬೇರಿಂಗಿನೊಳಗೆ ನೂಕುತ್ತದೆ.

• ಕಡಲ ನೀರು ಹೊಕ್ಕಿದ್ದರೆ ಅಂದೇ ತೊಳೆಯಿರಿ, ಮರುದಿನ ಮತ್ತೆ ತೊಳೆಯಿರಿ. ಆ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಮಳೆಗಾಲದಲ್ಲಿ ಉಪ್ಪಿನ ಭರಣಿ ತಾನಾಗಿ ನೀರೊಡೆಯುವುದನ್ನು ನೋಡಿದ್ದೀರಲ್ಲ, ಗಾಡಿಯ ಸಂದಿಯಲ್ಲಿ ಉಳಿದ ಉಪ್ಪೂ ಹಾಗೆಯೇ ತೇವ ಎಳೆದುಕೊಂಡು ಲೋಹವನ್ನು ತಿನ್ನುತ್ತಿರುತ್ತದೆ.

ಮೆಕ್ಯಾನಿಕ್ ಹತ್ತಿರ ಒಯ್ದಾಗ

• ಟಂಟಂನಲ್ಲಿ ಹೇರಿಕೊಂಡು ಒಯ್ಯಿರಿ, ಇಲ್ಲವೇ ನ್ಯೂಟ್ರಲ್ಲಿನಲ್ಲಿ ತಳ್ಳಿಕೊಂಡು ಹೋಗಿ. ಗೇರಿನಲ್ಲಿ ತಳ್ಳಿದರೆ ಎಂಜಿನ್ ತಿರುಗಿ, ಕಿಕ್ ಹೊಡೆದಷ್ಟೇ ಕೇಡು.

• ಎಂಜಿನ್ ಎಣ್ಣೆಯನ್ನು ನಿಮ್ಮ ಕಣ್ಣೆದುರೇ ತೆಗೆಸಿ. ಹಾಲು ಹಾಕಿದ ಚಹಾದ ಬಣ್ಣ ಇದ್ದರೆ ಒಳಗೆ ನೀರು ಸೇರಿದೆ ಎಂದೇ ಅರ್ಥ. ಒಂದು ಸಲ ಬದಲಿಸಿ ಕೈಬಿಡಬೇಡಿ, ಬಣ್ಣ ತಿಳಿಯಾಗುವವರೆಗೆ ಬದಲಿ ಮಾಡಿಸಿ.

• ಟ್ಯಾಂಕಿನ ಪೆಟ್ರೋಲ್ ಪೂರ್ತಿ ತೆಗೆಸಿ. ನೀರು ಭಾರ, ತಳದಲ್ಲಿ ಕೂತು ಒಳಗಿನಿಂದ ತುಕ್ಕು ಹಿಡಿಸುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ ಅದೂ ನೀರನ್ನು ಹೀರಿಕೊಳ್ಳುತ್ತದೆ. ‘ನಾಲ್ಕು ಲೀಟರು ಹಾಳಾಯಿತಲ್ಲ’ ಎಂದು ಕೊರಗಬೇಡಿ.

• ಪ್ಲಗ್ಗು, ಏರ್ ಫಿಲ್ಟರು ಹೊಸದೇ ಹಾಕಿಸಿ. ಇಲ್ಲಿ ಉಳಿಸುವ ಇನ್ನೂರು ರೂಪಾಯಿ ಮುಂದೆ ಎರಡು ಸಾವಿರ ಕೇಳುತ್ತದೆ.

• ಬ್ರೇಕು ಬಿಚ್ಚಿ ತೊಳೆಸಿ, ಚೈನಿಗೆ ಎಣ್ಣೆ ಬಿಡಿ. ಗಾಡಿ ಚಾಲೂ ಆದ ಖುಷಿಯಲ್ಲಿ ಅದು ನಿಲ್ಲಬೇಕು ಎಂಬುದನ್ನೇ ಜನ ಮರೆಯುತ್ತಾರೆ.

• 2020ರ ಏಪ್ರಿಲ್ ನಂತರದ ಬಿಎಸ್-6 ಗಾಡಿಯಾದರೆ ಸೆನ್ಸರು, ಇಸಿಯು (ಎಂಜಿನ್ ಕಂಪ್ಯೂಟರು), ಪೆಟ್ರೋಲ್ ಪಂಪಿನ ದರ ಮೊದಲೇ ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ. ಹಳೆಯ ಕಾರ್ಬುರೇಟರಿನಂತೆ ಇವನ್ನು ತೊಳೆದು ಒಣಗಿಸಿ ಕೂಡಿಸಲಾಗದು.

ಇಟ್ಟುಕೊಳ್ಳಬೇಕೋ, ಬಿಡಬೇಕೋ

• ಪಾಲಿಸಿ ಹುಡುಕಿ ಓದಿಸಿ. ಥರ್ಡ್ ಪಾರ್ಟಿ ಮಾತ್ರ ಇದ್ದರೆ ನಿಮ್ಮ ಗಾಡಿಗೆ ಏನೂ ಸಿಗದು. ಫುಲ್ ಇನ್ಶೂರೆನ್ಸ್ ಇದ್ದರೆ ಪ್ರವಾಹವೂ ಅದರಲ್ಲಿ ಸೇರಿದೆ. ಆದರೆ ನೀರು ಹೊಕ್ಕ ಮೇಲೆ ಚಾಲೂ ಮಾಡಿ ಎಂಜಿನ್ ಕೆಡಿಸಿಕೊಂಡರೆ ಸಾಮಾನ್ಯವಾಗಿ ಆ ಖರ್ಚು ಕೊಡುವುದಿಲ್ಲ.

• ಪಾಲಿಸಿಯಲ್ಲಿ ಐಡಿವಿ ಎಂದು ಬರೆದ ಮೊತ್ತ ನೋಡಿ. ರಿಪೇರಿ ಅದರ ಶೇ. 75 ದಾಟಿದರೆ ಗಾಡಿ ಪೂರ್ತಿ ನಷ್ಟವಾಯಿತೆಂದು ಲೆಕ್ಕ ಹಿಡಿಯುತ್ತಾರೆ. ಐಡಿವಿ 40,000 ಇದ್ದರೆ 30,000ದ ಗೆರೆ ನೆನಪಿರಲಿ.

• ರಬ್ಬರು, ಪ್ಲಾಸ್ಟಿಕ್, ಬ್ಯಾಟರಿಗೆ ಸಾಧಾರಣ ಪಾಲಿಸಿಯಲ್ಲಿ ಅರ್ಧ ಬೆಲೆಯೇ ಸಿಗುವುದು. ಉಳಿದ ಅರ್ಧವನ್ನು ಮೊದಲೇ ಹೊಂದಿಸಿಕೊಳ್ಳಿ.

• ಸಾಲದ ಗಾಡಿಯಾದರೆ ಫೈನಾನ್ಸಿನವರಿಗೂ ತಿಳಿಸಿ. ಪೂರ್ತಿ ನಷ್ಟದ ಹಣ ಮೊದಲು ಅವರ ಬಾಕಿಗೆ ಹೋಗುತ್ತದೆ.

• ವಿಮೆ ಇಲ್ಲದಿದ್ದರೆ ಮೂರು ಅಂಕಿ ಬರೆಯಿರಿ: ನೆರೆಗೆ ಮುಂಚೆ ಗಾಡಿಗೆ ಎಷ್ಟು ಬರುತ್ತಿತ್ತು, ರಿಪೇರಿಗೆ ಎಷ್ಟು, ಇದ್ದ ಹಾಗೇ ಕೊಟ್ಟರೆ ಎಷ್ಟು. ರಿಪೇರಿ ಮೊದಲಿನ ಬೆಲೆಯ ಅರ್ಧ ದಾಟಿದರೆ ಬಿಟ್ಟುಬಿಡಿ. ಕಂತಿನಲ್ಲಿ ರಿಪೇರಿ ಮಾಡಿಸುತ್ತ ಹೋದರೆ ಹೊಸ ಗಾಡಿಯ ದುಡ್ಡು ಹಳೆಯದರಲ್ಲೇ ಕರಗುತ್ತದೆ.

• ಕಡಲ ನೀರಿನಲ್ಲಿ ರಾತ್ರಿಯಿಡೀ ಪೂರ್ತಿ ಮುಳುಗಿದ ಗಾಡಿಯಾದರೆ ಮನಸ್ಸು ಗಟ್ಟಿ ಮಾಡಿಕೊಂಡು ಕೊಟ್ಟುಬಿಡಿ. ಇವತ್ತು ಓಡಿದರೂ ಉಪ್ಪು ತನ್ನ ಕೆಲಸ ಬಿಡದು. ಹೊಳೆಯ ಕೆಸರು ಹೊಕ್ಕ ಗಾಡಿ ತೊಳೆದು ಒಣಗಿಸಿದರೆ ಎಷ್ಟೋ ಸಲ ಉಳಿಯುತ್ತದೆ.

• ಗುಜರಿಗೆ ಕೊಟ್ಟರೆ 14 ದಿನದೊಳಗೆ ಆರ್‌ಟಿಓಗೆ ತಿಳಿಸಿ ಆರ್‌ಸಿ ರದ್ದು ಮಾಡಿಸಿ. ನಿಮ್ಮ ಕೆಎ-29 ನಂಬರು ಹಾಕಿಕೊಂಡು ಬೇರೆಯವರು ತಿರುಗಿದರೆ ನೋಟಿಸು ನಿಮ್ಮ ಮನೆಗೆ ಬರುತ್ತದೆ.

• ಮಾರುವುದಾದರೆ ನೀರು ಹೊಕ್ಕಿದ್ದನ್ನು ಬಾಯಿಬಿಟ್ಟು ಹೇಳಿ. ಎರಡು ಸಾವಿರ ಕಡಿಮೆ ಬರಲಿ. ಅದೇ ಗಾಡಿಯ ಮೇಲೆ ನಾಳೆ ಒಬ್ಬ ತಂದೆ ಮಗಳನ್ನು ಕೂರಿಸಿಕೊಂಡು ಶಾಲೆಗೆ ಹೋಗುತ್ತಾನೆ.

• ಇಳಕಲ್ಲಿನಲ್ಲೋ ಹುನಗುಂದದಲ್ಲೋ ಅಗ್ಗಕ್ಕೆ ಹಳೆ ಗಾಡಿ ಕೊಳ್ಳುವವರು ಸೀಟು ಎತ್ತಿ ನೋಡಿ. ಮೂಲೆಯಲ್ಲಿ ಒಣಮಣ್ಣು, ಹೆಡ್‌ಲೈಟಿನೊಳಗೆ ಮಂಜು, ವೈರಿನ ತುದಿಯಲ್ಲಿ ಹಸಿರು ಕಂಡರೆ ಅಲ್ಲಿಂದ ಎದ್ದು ಬನ್ನಿ.

ಕೊನೆಯದಾಗಿ, ನವಿಲುತೀರ್ಥದ ಡ್ಯಾಮಿನಿಂದಲೋ ಹಿಡಕಲ್ ಡ್ಯಾಮಿನಿಂದಲೋ ನೀರು ಬಿಡುತ್ತಾರೆಂಬ ಸುದ್ದಿ ಕಿವಿಗೆ ಬಿದ್ದ ಕೂಡಲೇ ಗಾಡಿಯನ್ನು ಎತ್ತರದ ಜಾಗಕ್ಕೆ ಒಯ್ದು ನಿಲ್ಲಿಸಿ. ಪಾಲಿಸಿ, ಆರ್‌ಸಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೇಲಿಡಿ. ನೀರು ಆಗಲೇ ಅಂಗಳಕ್ಕೆ ಬಂದಿದ್ದರೆ ಗಾಡಿಗಾಗಿ ತಿರುಗಿ ಹೋಗಬೇಡಿ. ಪಾಲಿಸಿಯ ಗಡುವು ಯಾವತ್ತು ಮುಗಿಯುತ್ತದೆ ಎಂದು ಇವತ್ತು ರಾತ್ರಿ ಊಟಕ್ಕೆ ಕೂಡುವ ಮೊದಲೇ ನೋಡಿ. ನಾಳೆ ನೋಡೋಣ ಅಂದರೆ ಮರೆತುಬಿಡುತ್ತೀರಿ.