ಮೊದಲು ಒಂದು ಡಬ್ಬಿ, ಆಮೇಲೆ ನಲವತ್ತು

ಕಳೆದ ವಾರ ಹಲಸೂರು ಮೆಟ್ರೊ ನಿಲ್ದಾಣದಲ್ಲಿ ಕೆ.ಆರ್. ಪುರದ ಹುಡುಗನೊಬ್ಬ ಸಿಕ್ಕಿದ. ಶೂಟಿಂಗ್ ರೇಂಜ್‌ನಲ್ಲಿ ನೋಡಿ ಪರಿಚಯ. 10 ಮೀಟರ್ ಏರ್ ರೈಫಲ್‌ನಲ್ಲಿ ಕೈ ಕುದುರಿದೆ, ಈಗ 50 ಮೀಟರ್‌ಗೆ ಬರುತ್ತಿದ್ದಾನೆ. "ಮೇಡಂ, ಯಾವ ಗುಂಡು ತಗೊಳ್ಳಲಿ? ಒಂದೇ ಸಲ ಜಾಸ್ತಿ ತಗೊಂಡ್ರೆ ರೇಟು ಕಮ್ಮಿ ಮಾಡ್ತಾರಂತೆ" ಅಂದ. ನಾನು ಇಳಿಯಬೇಕಿದ್ದದ್ದು ಮುಂದಿನ ಇಂದಿರಾನಗರದಲ್ಲಿ. ಅಷ್ಟರೊಳಗೆ "ಜಾಸ್ತಿ ತಗೋಬೇಡಪ್ಪ" ಅಂತಷ್ಟೇ ಹೇಳಲು ಸಾಧ್ಯವಾಯಿತು. ಯಾಕೆ ಅಂತ ಹೇಳಲು ಒಂದು ಸ್ಟಾಪಿನ ಹೊತ್ತು ಸಾಲದು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಮೊದಲು ರೈಫಲ್ ಹಿಡಿದದ್ದು ಎನ್‌ಸಿಸಿ ಕ್ಯಾಂಪಿನಲ್ಲಿ. ಎಣಿಸಿ ಕೊಡುತ್ತಿದ್ದ ಐದು .22 ಗುಂಡು, ನೆಲದ ಮೇಲೆ ಮಲಗಿ ಹೊಡೆಯುವುದು. ಆ ಆಸೆ ನಲವತ್ತು ದಾಟಿದ ಮೇಲೆ ಮತ್ತೆ ಚಿಗುರಿತು. ಇನ್‌ಫೆಂಟ್ರಿ ರಸ್ತೆಯ ಪೊಲೀಸ್ ಕಮಿಷನರ್ ಕಚೇರಿಗೆ ಅಲೆದು ಲೈಸೆನ್ಸ್ ಪಡೆದೆ. ಸೆಕೆಂಡ್‌ಹ್ಯಾಂಡ್ ಮ್ಯಾಚ್ ರೈಫಲ್ ಒಂದನ್ನು ಕೊಂಡೆ. ರೈಫಲ್ ಆರಿಸುವಾಗ ಆರು ತಿಂಗಳು ವಿಚಾರಿಸಿದ್ದೆ. ಗುಂಡು ಆರಿಸಲು ಆರು ನಿಮಿಷವನ್ನೂ ಕೊಡಲಿಲ್ಲ.

ಗೆಳತಿಯೊಬ್ಬಳು ಒಂದು ಹೆಸರಾಂತ ಮ್ಯಾಚ್ ಗುಂಡಿನಲ್ಲಿ ರಾಜ್ಯಮಟ್ಟದ ಪಂದ್ಯದಲ್ಲಿ ಚೆನ್ನಾಗಿ ಹೊಡೆದಿದ್ದಳು. ಅದೇ ಬ್ರ್ಯಾಂಡ್, ಅದೇ ಗ್ರೇಡ್ ನನಗೂ ಬೇಕೆನಿಸಿತು. ಬಿಡಿಯಾಗಿ ಕೊಂಡರೆ ಗುಂಡಿಗೆ 42 ರೂಪಾಯಿ, 2,000 ಒಟ್ಟಿಗೆ ಕೊಂಡರೆ 38. ನನ್ನ ಲೈಸೆನ್ಸಿನ ಮಿತಿಯೊಳಗೇ ಇತ್ತು. 8,000 ರೂಪಾಯಿ ಉಳಿಯಿತೆಂದು ಲೆಕ್ಕ ಹಾಕಿ 76,000 ರೂಪಾಯಿ ಕಟ್ಟಿ 40 ಡಬ್ಬಿ ತಂದೆ.

ಮುಂದಿನ ಐದು ತಿಂಗಳಲ್ಲಿ 20 ಅಭ್ಯಾಸ. ಒಂದೊಂದರಲ್ಲಿ 70 ಗುಂಡಿನಂತೆ 1,400 ಗುಂಡು. ಪ್ರೋನ್‌ನಲ್ಲಿ, ಅಂದರೆ ಮಲಗಿ ಹೊಡೆಯುವ 60 ಗುಂಡಿನಲ್ಲಿ, 600ಕ್ಕೆ 576 ಹೊಡೆಯುತ್ತಿದ್ದವಳು 570ರ ಸುತ್ತ ಸಿಕ್ಕಿಬಿದ್ದೆ. ತಪ್ಪು ನನ್ನದೇ ಅಂದುಕೊಂಡೆ. ಸ್ಲಿಂಗ್ ಬಿಗಿ ಮಾಡಿದೆ, ಸಡಿಲ ಮಾಡಿದೆ. ಮೊಣಕೈ ಜಾಗ ಬದಲಿಸಿದೆ. ಕಣ್ಣಿನ ದೋಷವಿರಬೇಕೆಂದು ರೈಫಲ್‌ನ ಹಿಂದಿನ ಸೈಟ್‌ಗೆ 9,000 ರೂಪಾಯಿಯ ಹೊಸ ಐರಿಸ್ ಹಾಕಿಸಿದೆ. ಕೊನೆಗೆ ಮದ್ರಾಸ್ ಸ್ಯಾಪರ್ಸ್‌ನಿಂದ ನಿವೃತ್ತರಾದ ಸುಬೇದಾರರೊಬ್ಬರು ಪಕ್ಕದ ಲೇನ್‌ನಿಂದ ಎದ್ದು ಬಂದು ನನ್ನ ಟಾರ್ಗೆಟ್ ನೋಡಿ, "ಲಾಟ್ ನಂಬರ್ ಎಷ್ಟಮ್ಮಾ?" ಎಂದು ಕೇಳಿದರು. ಉತ್ತರ ನನ್ನಲ್ಲಿರಲಿಲ್ಲ. ಒಂದೇ ಸಲ ಒಟ್ಟಿಗೆ ತಯಾರಾದ ಗುಂಡುಗಳಿಗೆ ಕೊಡುವ ಆ ಸಂಖ್ಯೆ ಡಬ್ಬಿಯ ಅಂಚಿನ ಮೇಲೇ ಅಚ್ಚಾಗಿತ್ತು, ಐದು ತಿಂಗಳಲ್ಲಿ ಒಮ್ಮೆಯೂ ಓದಿರಲಿಲ್ಲ.

ಅವರು ಹೇಳಿದಂತೆ ಪರೀಕ್ಷೆ ಮಾಡಿದೆವು. ನನ್ನ ಲಾಟ್‌ನ ಒಂದು ಡಬ್ಬಿ, ಅದೇ ಗುಂಡಿನ ಇನ್ನೊಂದು ಲಾಟ್‌ನ ಒಂದು ಡಬ್ಬಿ, 27 ರೂಪಾಯಿಯ ಗುಂಡು ಒಂದು ಡಬ್ಬಿ, 22 ರೂಪಾಯಿಯದು ಒಂದು. ಪ್ರತಿ ಡಬ್ಬಿಯ ಮೊದಲ ಹತ್ತು ಗುಂಡು ಲೆಕ್ಕಕ್ಕಿಲ್ಲ. ಹಿಂದಿನ ಗುಂಡಿನ ಮೇಣ ಹೋಗಿ ಹೊಸದರ ಮೇಣ ಬ್ಯಾರಲ್ಲಿಗೆ ಹತ್ತಲು ಅಷ್ಟು ಬೇಕು. ಉಳಿದ 40ರಲ್ಲಿ ಹತ್ತತ್ತರ ನಾಲ್ಕು ಗ್ರೂಪ್. ಗ್ರೂಪಿನ ಅಗಲದ (ಅತಿ ದೂರದ ಎರಡು ಗುಂಡುಗಳ ನಡುಬಿಂದುಗಳ ಅಂತರದ) ಸರಾಸರಿ ಬಂದದ್ದು ಹೀಗೆ: ನನ್ನ ಲಾಟ್ 23 ಮಿ.ಮೀ., ಅದೇ ಗುಂಡಿನ ಬೇರೆ ಲಾಟ್ 16, 27 ರೂಪಾಯಿಯದು 14, 22 ರೂಪಾಯಿಯದು 20.

ಈ ಅಂಕಿಗಳ ಅರ್ಥವನ್ನು ನಿಧಾನವಾಗಿ ನೋಡೋಣ. 50 ಮೀಟರ್ ಟಾರ್ಗೆಟ್‌ನ ಹತ್ತರ ವೃತ್ತ 10.4 ಮಿ.ಮೀ. ಅಗಲ. ಗುಂಡು 5.6 ಮಿ.ಮೀ. ಗೆರೆಗೆ ತಾಗಿದರೂ ಹತ್ತು ಸಿಗುತ್ತದೆ. ಎರಡನ್ನೂ ಕೂಡಿ ಅರ್ಧ ಮಾಡಿದರೆ 8 ಮಿ.ಮೀ. ಅಂದರೆ ಗುಂಡಿನ ನಡುಬಿಂದು ಕೇಂದ್ರದಿಂದ 8 ಮಿ.ಮೀ. ಒಳಗೆ ಬಿದ್ದರೆ ಹತ್ತು, ಆಚೆ ಹೋದರೆ ಒಂಬತ್ತು. 14 ಮಿ.ಮೀ. ಗ್ರೂಪ್ ಎಂದರೆ ಕೇಂದ್ರದಿಂದ ಸುಮಾರು 7 ಮಿ.ಮೀ.: ನಾನು ಸರಿಯಾಗಿ ಗುರಿಯಿಟ್ಟರೆ ಎಲ್ಲವೂ ಹತ್ತು. 23 ಮಿ.ಮೀ. ಎಂದರೆ ಹನ್ನೊಂದೂವರೆ: ನಾನು ಒಂದಿಷ್ಟೂ ತಪ್ಪದಿದ್ದರೂ ಅಂಚಿನ ಗುಂಡು ಮೂರೂವರೆ ಮಿ.ಮೀ. ಹೊರಗೆ. ಹತ್ತಕ್ಕೊಂದು ಗುಂಡು ಹೀಗೆ ಹೋದರೂ 60ಕ್ಕೆ ಆರು ಅಂಕ ಹೋಯಿತು. ನಾನು ಕಳೆದುಕೊಂಡದ್ದೂ ಸುಮಾರು ಆರೇ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ಫೈನಲ್ ಸೇರಿದ್ದು 590 ಅಂಕದೊಂದಿಗೆ, ಏಳನೆಯವರಾಗಿ. 60 ಗುಂಡಿನಲ್ಲಿ ಕಳೆದುಕೊಂಡದ್ದು ಹತ್ತೇ ಅಂಕ. ಅಂಥ ಆಟದಲ್ಲಿ ಆರು ಅಂಕವನ್ನು ನಾನು ಗುಂಡಿಗೇ ಬಿಟ್ಟುಕೊಟ್ಟಿದ್ದೆ.

ಈಗ ಹಣದ ಲೆಕ್ಕ. ಹೊಡೆದು ಮುಗಿಸಿದ 1,400 ಗುಂಡು, 53,200 ರೂಪಾಯಿ. ಲೇನ್ ಶುಲ್ಕ, ಕೋಚ್, ಆಟೊ ಸೇರಿ ಒಂದು ಅಭ್ಯಾಸಕ್ಕೆ 1,400 ರೂಪಾಯಿ, ಇಪ್ಪತ್ತಕ್ಕೆ 28,000. ಬೇಕಿಲ್ಲದ ಐರಿಸ್ 9,000. ಒಟ್ಟು 90,200. ಮಿಕ್ಕ ಗುಂಡುಗಳನ್ನು ನಿಂತು ಹೊಡೆಯುವ ಅಭ್ಯಾಸಕ್ಕೆ ಬಳಸಿದೆ. ಅಲ್ಲಿ ನನ್ನ ಕೈಯ ಅಲುಗಾಟವೇ ಗುಂಡಿನ ಚದುರುವಿಕೆಗಿಂತ ಹೆಚ್ಚು. ಬೇಡವೆಂದು ಕಂಡವರಿಗೆ ಮಾರಲು ಇದು ಹಳೇ ಫ್ರಿಜ್ ಅಲ್ಲ, ಕಾನೂನು ಬಿಡುವುದಿಲ್ಲ.

ಮೊದಲೇ ನಾಲ್ಕು ಡಬ್ಬಿ ಬಿಡಿಯಾಗಿ ಕೊಂಡಿದ್ದರೆ? 42, 42, 27, 22 ಕೂಡಿ 133. ಐವತ್ತರಿಂದ ಗುಣಿಸಿದರೆ 6,650 ರೂಪಾಯಿ. ಆಮೇಲೆ 27 ರೂಪಾಯಿಯ 2,000 ಗುಂಡಿಗೆ 54,000. ಒಟ್ಟು 60,650. 8,000 ರೂಪಾಯಿಯ ರಿಯಾಯಿತಿ ಕೈತಪ್ಪುತ್ತದೆಂದು 6,650 ರೂಪಾಯಿಯ ಪರೀಕ್ಷೆಯನ್ನು ಬಿಟ್ಟೆ, 90,200 ಕಳೆದುಕೊಂಡೆ. ಪರೀಕ್ಷೆಯಲ್ಲಿ ದುಬಾರಿ ಗುಂಡೇ ಗೆದ್ದಿದ್ದರೂ ಈ 6,650 ದಂಡವಲ್ಲ. 76,000ಕ್ಕೆ ಅದು ನೂರಕ್ಕೆ ಒಂಬತ್ತರಷ್ಟೂ ಅಲ್ಲ.

ಗುಂಡು ತಯಾರಿಸಿದವರ ಮೇಲೆ ನನಗೆ ದೂರಿಲ್ಲ. ಅದೇ ಗುಂಡಿನ ಬೇರೆ ಲಾಟ್ ನನ್ನ ಬ್ಯಾರಲ್‌ನಲ್ಲೇ 16 ಮಿ.ಮೀ. ಕೊಟ್ಟಿತು, ನನ್ನ ಲಾಟ್ ಗೆಳತಿಯ ಬ್ಯಾರಲ್‌ನಲ್ಲಿ ಚೆನ್ನಾಗಿ ಕೂತಿತು. ಪ್ರತಿ ಬ್ಯಾರಲ್‌ಗೂ ತನ್ನದೇ ಲಾಟ್ ಹೊಂದಬೇಕು. ಅದಕ್ಕೇ ಗುಂಡು ತಯಾರಿಸುವ ಎಲಿ ಕಂಪನಿ ಬರ್ಮಿಂಗ್‌ಹ್ಯಾಮ್‌ನಲ್ಲಿ, ಲಾಪುವಾ ಜರ್ಮನಿಯ ಶೋನೆಬೆಕ್‌ನಲ್ಲಿ ಶೂಟರ್‌ಗಳು ತಮ್ಮ ರೈಫಲ್ ತಂದು ಲಾಟ್ ಆರಿಸಿಕೊಳ್ಳಲು ಟೆಸ್ಟ್ ರೇಂಜ್ ಇಟ್ಟಿವೆ.

ನನಗೆ ಸಹನೆ ಇಲ್ಲದಿರುವುದು ಹೈ ವೆಲಾಸಿಟಿ .22 ಗುಂಡಿನ ಬಗ್ಗೆ. "ವೇಗ ಜಾಸ್ತಿ, ಗಾಳಿಗೆ ಜಗ್ಗಲ್ಲ" ಎಂದು ಹೇಳಿ ಕೊಡುತ್ತಾರೆ. ಟಾರ್ಗೆಟ್ ಶೂಟಿಂಗ್ ಮಟ್ಟಿಗೆ ಆ ಮಾತು ತಲೆಕೆಳಗು. ಶಬ್ದದ ವೇಗ ಸೆಕೆಂಡಿಗೆ ಸುಮಾರು 345 ಮೀಟರ್. ಮ್ಯಾಚ್ ಗುಂಡು 330ರ ಆಸುಪಾಸಿನಲ್ಲಿ ಅದರ ಕೆಳಗೇ ಹೊರಡುತ್ತದೆ. ಹೈ ವೆಲಾಸಿಟಿ 380ರಲ್ಲಿ ಹೊರಟು ದಾರಿಯಲ್ಲಿ ಶಬ್ದದ ಗೆರೆ ದಾಟಿ ಇಳಿಯುತ್ತದೆ. ಆ ಘಟ್ಟದಲ್ಲಿ ಗಾಳಿಯ ತಡೆ ವಿಪರೀತ, ವೇಗ ಸರ್ರನೆ ಕುಸಿಯುತ್ತದೆ. ಅಡ್ಡಗಾಳಿ ಗುಂಡನ್ನು ಎಷ್ಟು ತಳ್ಳುತ್ತದೆ ಎಂಬುದು ಹೀಗೆ ಕಳೆದುಕೊಂಡ ಸಮಯದ ಮೇಲೆ ನಿಂತಿದೆ. ಗಂಟೆಗೆ 10 ಕಿ.ಮೀ. ಅಡ್ಡಗಾಳಿಗೆ 50 ಮೀಟರ್‌ನಲ್ಲಿ ಮ್ಯಾಚ್ ಗುಂಡು ಸುಮಾರು 2 ಸೆಂ.ಮೀ. ಸರಿದರೆ, ಹೈ ವೆಲಾಸಿಟಿ ಸರಿಯುವುದು ಮೂರರ ಹತ್ತಿರ. ದುಡ್ಡು ಕೊಟ್ಟು ಹೆಚ್ಚು ಗಾಳಿಯನ್ನೇ ಕೊಂಡಂತೆ. ಟಾರ್ಗೆಟ್ ಶೂಟಿಂಗ್‌ಗೆ ಅದನ್ನು ಮುಟ್ಟಬೇಡಿ.

ಇನ್ನು ವಿಡಿಯೊ ನೋಡಿ 6.5 ಕ್ರೀಡ್‌ಮೂರ್, .308ರಂಥ ದೊಡ್ಡ ಗುಂಡು ಬೇಕೆನ್ನುವವರಿಗೆ ಒಂದೇ ಮಾತು. ನಮ್ಮಲ್ಲಿ 300 ಮೀಟರ್ ಬಿಗ್ ಬೋರ್ ಬಹುಮಟ್ಟಿಗೆ ಸೇನೆ, ಪೊಲೀಸರ ಆಟ. ಲೈಸೆನ್ಸು, ರೇಂಜು ಎರಡೂ ಸಾಮಾನ್ಯರಿಗೆ ಸುಲಭಕ್ಕೆ ಎಟುಕವು. ಲೈಸೆನ್ಸ್ ಬೇಡವೆನ್ನುವವರಿಗೆ .177 ಏರ್ ರೈಫಲ್ ಇದೆ. ಅಲ್ಲೂ ಪೆಲೆಟ್ ಹೆಡ್ ಸೈಜ್ 4.49, 4.50, 4.51 ಎಂದು ಬೇರೆ ಬೇರೆ ಬರುತ್ತದೆ, ಅಲ್ಲೂ ಇದೇ ಪರೀಕ್ಷೆ.

ರಸೆಲ್ ಮಾರ್ಕೆಟ್‌ನಲ್ಲಿ ಒಂದು ಬುಟ್ಟಿ ಮಾವು ಕೊಳ್ಳುವ ಮೊದಲು ನಾವು ಒಂದು ಹೋಳು ಬಾಯಿಗೆ ಹಾಕಿಕೊಂಡು ನೋಡುತ್ತೇವೆ. 300 ರೂಪಾಯಿಯ ವಸ್ತುವಿನಲ್ಲಿ ಇರುವ ಎಚ್ಚರ 76,000ದ ವಸ್ತುವಿನಲ್ಲಿ ಎಲ್ಲಿ ಹೋಗುತ್ತದೆ? ಬೆಲೆ ಹೆಚ್ಚಾದಷ್ಟೂ ನಾವು ಪರೀಕ್ಷಿಸುವುದನ್ನು ಬಿಟ್ಟು ಇನ್ನೊಬ್ಬರ ಗೆಲುವನ್ನು ನಂಬುತ್ತೇವೆ. ಫಂಡು, ಇನ್ಶೂರೆನ್ಸ್ ಪಾಲಿಸಿ, ಮಕ್ಕಳ ಕೋಚಿಂಗ್ ಕ್ಲಾಸು, ಎಲ್ಲದರಲ್ಲೂ ಹೀಗೇ ಮಾಡುತ್ತೇವೆ. "ಅವರಿಗೆ ಚೆನ್ನಾಗಿ ಬಂತು" ಎಂಬುದು ಅವರ ಬ್ಯಾರಲ್ಲಿನ ಮಾತು. ಹಣ ಹೋದ ಮೇಲೆ ಸಾಮಾನನ್ನು ಅನುಮಾನಿಸದೆ ನಮ್ಮ ಕೈಯನ್ನೇ ಅನುಮಾನಿಸುತ್ತೇವೆ, ಅದನ್ನು ಸರಿಪಡಿಸಲು ಮತ್ತಷ್ಟು ಖರ್ಚು ಮಾಡುತ್ತೇವೆ. ಈ ಅಭ್ಯಾಸ ಬಿಡಬೇಕು.

ಈಗ ನನ್ನ ಬ್ಯಾಗಿನಲ್ಲಿ ಒಂದು ನೋಟ್‌ಬುಕ್ ಇದೆ. ಲಾಟ್ ನಂಬರ್, ತಾರೀಖು, ಗ್ರೂಪ್, ಬೆಲೆ ಎಲ್ಲವನ್ನೂ ಬರೆಯುತ್ತೇನೆ. ಕೆ.ಆರ್. ಪುರದ ಹುಡುಗನಿಗೂ ಇದನ್ನೇ ಹೇಳುವುದು: ಮಗನೇ, ನಾಲ್ಕು ಲಾಟ್‌ಗಳಿಂದ ಒಂದೊಂದೇ ಡಬ್ಬಿ ತಗೋ. ನಿನ್ನ ರೈಫಲ್‌ನಲ್ಲೇ ಹೊಡೆದು ಅಳೆ. ಗೆದ್ದ ಲಾಟ್ ನಂಬರ್ ಬರೆದಿಟ್ಟುಕೊಂಡು ಆಮೇಲೆ ಅಂಗಡಿಗೆ ಹೋಗು. ರಿಯಾಯಿತಿ ಕೇಳುವುದು ಆಗ.