ಸರಹದ್ದು ಪೊಲೀಸರ ಚಿಂತೆ, ನಿಮ್ಮದಲ್ಲ

ಬೆಂಗಳೂರಿನ ಉತ್ತರ ಭಾಗದಲ್ಲಿ ಯಾವ ರಸ್ತೆ ಯಾವ ಠಾಣೆಗೆ ಸೇರುತ್ತದೆ ಎಂದು ಹೇಳುವುದು ಅಲ್ಲೇ ಹುಟ್ಟಿ ಬೆಳೆದವರಿಗೂ ಕಷ್ಟ. ಯಲಹಂಕ ಠಾಣೆ ಬೇರೆ, ಯಲಹಂಕ ಉಪನಗರ ಠಾಣೆ ಬೇರೆ. ದೊಡ್ಡಬಳ್ಳಾಪುರದ ಕಡೆ ಹೊರಟು ರಾಜಾನುಕುಂಟೆ ಮುಟ್ಟಿದರೆ ಅದು ನಗರ ಪೊಲೀಸರಿಗೆ ಸೇರಿದ್ದೇ ಅಲ್ಲ, ಬೆಂಗಳೂರು ಗ್ರಾಮಾಂತರ ಜಿಲ್ಲೆಯವರದ್ದು. ಯಶವಂತಪುರ ನಿಲ್ದಾಣದ ಪ್ಲಾಟ್‌ಫಾರಂ ಮೇಲೆ ಬ್ಯಾಗ್ ಕಳವಾದರೆ ರೈಲ್ವೆ ಪೊಲೀಸರು, ಹೊರಗೆ ಆಟೊ ಹತ್ತುವಾಗ ಕಳವಾದರೆ ಊರಿನ ಠಾಣೆ. ಹೀಗಾಗಿ ದೂರು ಹಿಡಿದು ಹೋದವರ ಕಿವಿಗೆ ಮೊದಲು ಬೀಳುವ ಮಾತು, ‘ಇದು ನಮ್ಮ ಸರಹದ್ದಿಗೆ ಬರಲ್ಲ.’

ಹಾಗೆಂದು ವಾಪಸ್ ಕಳಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ, ಪೊಲೀಸರು ನೇರವಾಗಿ ತನಿಖೆ ಮಾಡಬಹುದಾದ ಸಂಜ್ಞೇಯ ಅಪರಾಧದ ಮಾಹಿತಿಯನ್ನು, ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಕೊಡಬಹುದು. ಅವರು ಅದನ್ನು ‘ಝೀರೊ ಎಫ್‌ಐಆರ್’ ಎಂದು ದಾಖಲಿಸಿ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಸಂಜ್ಞೇಯ ಅಪರಾಧವೆಂದು ಕಂಡರೆ ಎಫ್‌ಐಆರ್ ಕಡ್ಡಾಯ ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಲಲಿತಾ ಕುಮಾರಿ ಪ್ರಕರಣದಲ್ಲಿ 2013ರಲ್ಲೇ ಹೇಳಿತ್ತು.

ಮೊದಲ ಕೆಲಸ, ದೂರನ್ನು ಮನೆಯಲ್ಲೇ ಕೂತು ಬರೆಯುವುದು. ಕನ್ನಡದಲ್ಲೇ ಬರೆಯಿರಿ, ಕಾನೂನಿನ ಭಾಷೆ ಬೇಕಿಲ್ಲ. ಎಲ್ಲಿ, ಯಾವಾಗ, ಏನಾಯಿತು, ನೋಡಿದವರು ಯಾರು, ಹತ್ತಿರದಲ್ಲಿ ಸಿಸಿಟಿವಿ ಇರುವ ಅಂಗಡಿ ಯಾವುದು? ಇಷ್ಟಕ್ಕೆ ಉತ್ತರವಿದ್ದರೆ ಸಾಕು. ಕಳವಾದ ವಸ್ತುವಿನ ಬೆಲೆ ಬರೆಯಲು ಮರೆಯಬೇಡಿ, ಸಾಧ್ಯವಾದರೆ ಬಿಲ್ ಲಗತ್ತಿಸಿ. ಇದಕ್ಕೊಂದು ಕಾರಣವಿದೆ. ಹೊಸ ಕಾನೂನಿನಲ್ಲಿ 5,000 ರೂಪಾಯಿಗಿಂತ ಕಡಿಮೆ ಬೆಲೆಯ ಸಾಮಾನ್ಯ ಕಳವು ಅಸಂಜ್ಞೇಯ. ಅದಕ್ಕೆ ಎಫ್‌ಐಆರ್ ಇಲ್ಲ, ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಮಾತ್ರ. ಕೈಯಿಂದ ಕಿತ್ತುಕೊಂಡು ಓಡಿದ್ದರೆ ಮಾತು ಬೇರೆ. ಅದು ಬರೀ ಕಳವಲ್ಲ, ಸುಲಿಗೆಯಂತೆಯೇ ಸಂಜ್ಞೇಯ. ಹೆಬ್ಬಾಳದ ಬಸ್ ನಿಲ್ದಾಣದಲ್ಲಿ ಬೈಕಿನವನು ಮೊಬೈಲ್ ಕಸಿದುಕೊಂಡು ಹೋಗಿದ್ದರೆ ‘ಮೊಬೈಲ್ ಕಳೆದುಹೋಗಿದೆ’ ಎಂದು ಬರೆದುಕೊಡಬೇಡಿ. ಹಾಗೆ ಬರೆದುಕೊಡಿ ಎಂದು ಯಾರಾದರೂ ಸಲಹೆ ಕೊಟ್ಟರೂ ಒಪ್ಪಬೇಡಿ.

ಎನ್‌ಸಿಆರ್ ವಿಚಾರದಲ್ಲೇ ಜನ ಹೆಚ್ಚಾಗಿ ಮೋಸಹೋಗುವುದು. ನಂಬರ್ ಇರುವ, ಸೀಲ್ ಬಿದ್ದ ಕಾಗದ ಕೈಗೆ ಬಂದಾಗ ಕೇಸ್ ಆಯಿತು ಎಂದು ನೆಮ್ಮದಿಯಿಂದ ಮನೆಗೆ ಹೋಗುತ್ತಾರೆ. ಆದರೆ ಎನ್‌ಸಿಆರ್ ಮೇಲೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಆದ್ದರಿಂದ ಠಾಣೆಯಿಂದ ಹೊರಡುವ ಮುನ್ನ ‘ಸಾರ್, ಇದು ಎಫ್‌ಐಆರಾ, ಎನ್‌ಸಿಆರಾ?’ ಎಂದು ಕೇಳಿ. ಎಫ್‌ಐಆರ್ ಆದರೆ ಅದರ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಜೆರಾಕ್ಸ್ ಕಾಸನ್ನೂ ಕೇಳುವಂತಿಲ್ಲ.

ಆನ್‌ಲೈನ್‌ನಲ್ಲಿ ದೂರು ಕಳಿಸಿದವರು 3 ದಿನದೊಳಗೆ ಠಾಣೆಗೆ ಹೋಗಿ ಸಹಿ ಹಾಕಬೇಕು. ಇನ್ನು, 3 ವರ್ಷದಿಂದ 7 ವರ್ಷದೊಳಗಿನ ಶಿಕ್ಷೆಯಿರುವ ಅಪರಾಧವಾದರೆ ‘ವಿಚಾರಣೆ ಮಾಡಿ ನೋಡ್ತೀವಿ’ ಎನ್ನಲು ಪೊಲೀಸರಿಗೆ ಅವಕಾಶವಿದೆ. ಆದರೆ ಅದಕ್ಕೆ ಡಿವೈಎಸ್ಪಿ ದರ್ಜೆಯ ಅಧಿಕಾರಿಯ ಅನುಮತಿ ಬೇಕು, 14 ದಿನದಲ್ಲಿ ಮುಗಿಸಬೇಕು. ಈ ಲೆಕ್ಕವನ್ನು ನೀವು ಇಟ್ಟುಕೊಳ್ಳಿ, ಅವರು ಇಟ್ಟುಕೊಳ್ಳುವುದು ಅಪರೂಪ.

ಇಷ್ಟಾದರೂ ದೂರು ತೆಗೆದುಕೊಳ್ಳಲಿಲ್ಲವೇ? ಅಲ್ಲಿ ಜಗಳಕ್ಕೆ ನಿಲ್ಲಬೇಡಿ, ‘ಯಾಕೆ ತೆಗೆದುಕೊಳ್ಳುವುದಿಲ್ಲ ಎಂದು ಹಿಂಬರಹ ಕೊಡಿ’ ಎಂದು ಕೇಳಿ. ಎಷ್ಟೋ ಸಲ ಈ ಒಂದು ಮಾತಿಗೇ ಪೆನ್ನು ಹೊರಗೆ ಬರುತ್ತದೆ. ಬರದಿದ್ದರೆ ಅದೇ ದೂರನ್ನು ಸ್ಪೀಡ್ ಪೋಸ್ಟ್‌ನಲ್ಲಿ ಮೇಲಧಿಕಾರಿಗೆ ಕಳಿಸಿ. ಯಲಹಂಕ, ಹೆಬ್ಬಾಳ, ಆರ್.ಟಿ. ನಗರದಂಥ ನಗರ ಠಾಣೆಗಳಾದರೆ ಆಯಾ ವಿಭಾಗದ ಡಿಸಿಪಿಗೆ, ರಾಜಾನುಕುಂಟೆಯಾದರೆ ಗ್ರಾಮಾಂತರ ಜಿಲ್ಲೆಯ ಎಸ್ಪಿಗೆ. ಅಲ್ಲೂ ಏನೂ ಆಗದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 175(3)ನೇ ಕಲಂ ಅಡಿ ಮ್ಯಾಜಿಸ್ಟ್ರೇಟರ ಮುಂದೆ ಅಫಿಡವಿಟ್ ಸಮೇತ ಅರ್ಜಿ ಹಾಕಬಹುದು.

ವಕೀಲರ ಫೀಜಿಗೆ ದುಡ್ಡಿಲ್ಲವೆಂದು ಇಲ್ಲಿಗೇ ಕೈಬಿಡುವವರು ಬಹಳ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ–ಪಂಗಡದವರು, ಅಂಗವಿಕಲರು ಮತ್ತು ಕೈಗಾರಿಕಾ ಕಾರ್ಮಿಕರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಪೀಣ್ಯ, ಯಶವಂತಪುರದ ಕಾರ್ಖಾನೆಗಳಲ್ಲಿ ದುಡಿಯುವ ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ. ಉಳಿದವರಿಗೆ ಆದಾಯದ ಮಿತಿ ಇದೆ. ಸಹಾಯವಾಣಿ ಸಂಖ್ಯೆ 15100. ರಾಜ್ಯ ಪ್ರಾಧಿಕಾರದ ಕಚೇರಿ ಇರುವುದು ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ.

ಡಿಸಿಪಿಗೆ ಕಳಿಸಿದ ಅಂಚೆಯ ರಸೀದಿಯನ್ನು ಮಾತ್ರ ಜೋಪಾನವಾಗಿಡಿ. ಮ್ಯಾಜಿಸ್ಟ್ರೇಟರ ಮುಂದೆ ಹೋದಾಗ ಮೊದಲು ತೋರಿಸಬೇಕಾದ್ದು ಅದನ್ನೇ.